ಸೋತರೆ ಸಾಕು ಅಂದುಕೊಂಡವನ ಲೆಕ್ಕದ ಪುಸ್ತಕ

ಸೊಸೈಟಿಗಳ ಆಡಿಟ್‌ಗೆ ಹೋದಾಗ ನಾನು ಮೊದಲು ಕೇಳೋದು ಕ್ಯಾಶ್ ಬುಕ್ ಅಲ್ಲ, ಸಾಲದ ಕರಾರು ಪತ್ರ. ಯಾರು ಯಾರಿಗೆ ಏನು ಬರೆದುಕೊಟ್ಟಿದ್ದಾರೆ ಅಂತ ನೋಡಿದರೆ, ಹಿಂದೆ ಸರಿಯೋಕೆ ಯಾರಿಗೆ ಜಾಗವಿಲ್ಲ ಅನ್ನೋದು ತಿಳಿಯುತ್ತದೆ. ಡೊನಾಲ್ಡ್ ಕ್ರೌಹರ್ಸ್ಟ್ ಕತೆಯನ್ನೂ ನಾನು ಅಲ್ಲಿಂದಲೇ ಶುರುಮಾಡುತ್ತೇನೆ.

1968ರಲ್ಲಿ ಲಂಡನ್ನಿನ ಸಂಡೇ ಟೈಮ್ಸ್ ಪತ್ರಿಕೆ ಗೋಲ್ಡನ್ ಗ್ಲೋಬ್ ಅನ್ನೋ ಪಂದ್ಯ ಇಟ್ಟಿತು. ಹಾಯಿದೋಣಿಯಲ್ಲಿ ಒಬ್ಬರೇ, ಎಲ್ಲೂ ದಡ ಮುಟ್ಟದೆ, ಭೂಮಿ ಸುತ್ತಿ ಬರಬೇಕು. ಮೊದಲು ಬಂದವರಿಗೆ ಟ್ರೋಫಿ. ಕಡಿಮೆ ದಿನದಲ್ಲಿ ಮುಗಿಸಿದವರಿಗೆ 5,000 ಪೌಂಡ್. ಕ್ರೌಹರ್ಸ್ಟ್ ಹುಟ್ಟಿದ್ದು ನಮ್ಮ ಘಾಜಿಯಾಬಾದ್‌ನಲ್ಲಿ, 1932ರಲ್ಲಿ. ಇಂಗ್ಲೆಂಡಿನಲ್ಲಿ ಅವನದೊಂದು ಸಣ್ಣ ಎಲೆಕ್ಟ್ರಾನಿಕ್ಸ್ ಕಂಪನಿ, ಅದೂ ಕುಂಟುತ್ತಿತ್ತು. ದೋಣಿಗೆ ಹಣ ಹಾಕಿದವರ ಹತ್ತಿರ ಮನೆ, ಕಂಪನಿ ಎರಡೂ ಅಡಮಾನ. ಪಂದ್ಯ ಕೈಬಿಟ್ಟರೆ ದೋಣಿಯನ್ನು ಅವನೇ ಕೊಳ್ಳಬೇಕು. ಹೆಂಡತಿ, ನಾಲ್ಕು ಮಕ್ಕಳು.

ಹೊರಡಲು ಕೊನೆಯ ದಿನ ಅಕ್ಟೋಬರ್ 31. ಅವತ್ತೇ ಹೊರಟ. ದೋಣಿಯ ಕೆಲಸ ಮುಗಿದಿರಲಿಲ್ಲ. ನೀರು ಹೊರಹಾಕೋ ಪಂಪಿನ ಪೈಪು ದಡದಲ್ಲೇ ಉಳಿದಿತ್ತು. ಎರಡು ವಾರದಲ್ಲಿ ದೋಣಿಯೊಳಗೆ ನೀರು ಜಿನುಗತೊಡಗಿತು. ಪಂದ್ಯದ ದಾರಿಯಲ್ಲಿ ಬರುವ, ಅಂಟಾರ್ಟಿಕಾ ಸುತ್ತಲಿನ ದಕ್ಷಿಣ ಸಾಗರಕ್ಕೆ ಹೋದರೆ ಬದುಕುವುದು ಅರ್ಧಕ್ಕರ್ಧ ಅಂತ ತಾನೇ ಬರೆದುಕೊಂಡ. ಮುಂದೆ ಹೋದರೆ ಸಾವು, ತಿರುಗಿ ಬಂದರೆ ದಿವಾಳಿ.

ಡಿಸೆಂಬರ್‌ನಲ್ಲಿ ಒಂದೇ ದಿನ 243 ಮೈಲಿ ಓಡಿಸಿದೆ ಅಂತ ಸುದ್ದಿ ಕಳಿಸಿದ. ಪೇಪರಿನವರು ಹೊಗಳಿದರು. ತಾನೂ ಒಬ್ಬನೇ ಭೂಮಿ ಸುತ್ತಿ ಬಂದಿದ್ದ ಫ್ರಾನ್ಸಿಸ್ ಚಿಚೆಸ್ಟರ್ ಮಾತ್ರ ನಂಬಲಿಲ್ಲ.

ಸುಳ್ಳು ಲಾಗ್, ಅಂದರೆ ದೋಣಿಯ ದಿನಚರಿ ಪುಸ್ತಕ, ಬರೆಯೋದು ಸುಲಭ ಅಂದುಕೊಳ್ಳಬೇಡಿ. ಸೂರ್ಯ ದಿಗಂತದಿಂದ ಎಷ್ಟು ಮೇಲಿದ್ದಾನೆ ಅಂತ ಸೆಕ್ಸ್‌ಟಂಟ್ ಅನ್ನೋ ಕೋನ ಅಳೆಯುವ ಸಾಧನದಲ್ಲಿ ಅಳೆದು, ಗಡಿಯಾರ ನೋಡಿ, ಪಂಚಾಂಗದಂಥ ಪುಸ್ತಕ ತೆಗೆದು ಕೂಡಿಸಿ ಕಳೆದರೆ ದೋಣಿ ಎಲ್ಲಿದೆ ಅಂತ ಸಿಗುತ್ತದೆ. ಸುಳ್ಳು ಬರೆಯುವವನು ಮೊದಲು ಜಾಗ ಆರಿಸಿಕೊಂಡು, ಅಲ್ಲಿಂದ ಸೂರ್ಯ ಎಷ್ಟು ಎತ್ತರದಲ್ಲಿ ಕಾಣಬೇಕಿತ್ತು ಅಂತ ಹಿಂದಕ್ಕೆ ಲೆಕ್ಕ ಹಾಕಬೇಕು. ತಾನು ನಿಜವಾಗಿ ಎಲ್ಲಿದ್ದೇನೆ ಅನ್ನೋ ಲೆಕ್ಕ ಬೇರೆ. ನಮ್ಮಲ್ಲೂ ಮೊತ್ತ ಮೊದಲು ಬರೆದು ಆಮೇಲೆ ವೋಚರ್ ಹುಟ್ಟಿಸುತ್ತಾರೆ. ಮೂರು ತಿಂಗಳ ವೋಚರ್‌ಗಳಿಗೆ ಒಂದೇ ಪೆನ್ನು, ಒಂದೇ ಮಡಿಕೆ!

ಜನವರಿಯಲ್ಲಿ ಜನರೇಟರ್ ತೊಂದರೆ ಅಂತ ಹೇಳಿ ರೇಡಿಯೊ ನಿಲ್ಲಿಸಿದ. 'ಸಿಸ್ಟಮ್ ಡೌನ್ ಇದೆ ಸಾರ್' ಅನ್ನೋದನ್ನು ನಾನು ಎಷ್ಟು ಸಲ ಕೇಳಿದ್ದೇನೋ. ಎಲ್ಲರೂ ಅವನು ಭೂಮಿ ಸುತ್ತುತ್ತಿದ್ದಾನೆ ಅಂದುಕೊಂಡಿದ್ದಾಗ ಅವನು ಅಟ್ಲಾಂಟಿಕ್ ಬಿಟ್ಟು ಹೋಗಿರಲೇ ಇಲ್ಲ. ಮಾರ್ಚ್‌ನಲ್ಲಿ ರಿಪೇರಿಗೆ ಅಂತ ಗುಟ್ಟಾಗಿ ಅರ್ಜೆಂಟೀನಾದ ದಡವನ್ನೂ ಹತ್ತಿದ್ದ. ಉಳಿದವರು ಸುತ್ತಿ ಬರುವ ಹೊತ್ತಿಗೆ ಅವರ ಹಿಂದೆ ಸೇರಿಕೊಂಡರೆ ಸಾಕು, ಸೋತವನ ಲಾಗನ್ನು ಯಾರು ಬಿಚ್ಚಿ ನೋಡುತ್ತಾರೆ? ನನ್ನ ಅನುಭವದಲ್ಲೂ ದೊಡ್ಡ ಲಾಭ ತೋರಿಸಿದ ಶಾಖೆಗಿಂತ, ಸುಮ್ನೆ ಮಧ್ಯದಲ್ಲಿ ಕೂತ ಶಾಖೆಯೇ ಜಾಸ್ತಿ ದಿನ ಮೋಸ ಮಾಡಿದೆ.

ಆದರೆ ಒಬ್ಬೊಬ್ಬರೇ ಪಂದ್ಯದಿಂದ ಉದುರಿದರು. ರಾಬಿನ್ ನಾಕ್ಸ್-ಜಾನ್‌ಸ್ಟನ್ ಮುಂಬೈಯಲ್ಲಿ ಕಟ್ಟಿದ 'ಸುಹೈಲಿ'ಯಲ್ಲಿ 312 ದಿನಕ್ಕೆ ಮೊದಲಿಗನಾಗಿ ಬಂದ. ವೇಗದ ಬಹುಮಾನಕ್ಕೆ ಉಳಿದವನು ನೈಜೆಲ್ ಟೆಟ್ಲಿ. ಕ್ರೌಹರ್ಸ್ಟ್ ಬೆನ್ನಟ್ಟಿದ್ದಾನೆ ಅಂತ ನಂಬಿ, ಜಖಂ ಆದ ದೋಣಿಯನ್ನೇ ಜೋರಾಗಿ ಓಡಿಸಿದ. 1969ರ ಮೇ 21ರಂದು ದೋಣಿ ಮುಳುಗಿತು. ಪುಣ್ಯಕ್ಕೆ ಅವನು ಬದುಕಿದ. ಈಗ ಹಣದ ಬಹುಮಾನ ಕ್ರೌಹರ್ಸ್ಟ್‌ಗೇ. ಅಂದರೆ ಲಾಗ್ ತಪಾಸಣೆ ಖಂಡಿತ.

ಅವನ ಬರಹ ಆಮೇಲೆ ದೇವರು, ಕಾಲ ಅಂತ ಹಳಿ ತಪ್ಪಿತು. ಕೊನೆಯ ಬರಹ ಜುಲೈ 1ರದು. ಜುಲೈ 10ಕ್ಕೆ 'ಪಿಕಾರ್ಡಿ' ಹಡಗಿಗೆ ಖಾಲಿ ದೋಣಿ ಸಿಕ್ಕಿತು. ನಾಕ್ಸ್-ಜಾನ್‌ಸ್ಟನ್ ತನಗೆ ಬಂದ 5,000 ಪೌಂಡನ್ನು ಆ ಕುಟುಂಬಕ್ಕೇ ಕೊಟ್ಟ.

ನನ್ನನ್ನು ಕಾಡೋದು ದೋಣಿಯಲ್ಲಿ ಉಳಿದಿದ್ದ ಲಾಗ್. ಡಿಸೆಂಬರ್‌ನ ಸುಳ್ಳು ಹೆಣೆದ ಕಸರತ್ತು, ನಿಜವಾದ ದಾರಿ, ಎಲ್ಲವೂ ಅದರಲ್ಲಿತ್ತು. ಸಮುದ್ರಕ್ಕೆ ಎಸೆಯಬಹುದಿತ್ತು, ಅಲ್ವಾ?

ಮಲೆನಾಡಿನ ಒಂದು ಸೊಸೈಟಿಯಲ್ಲಿ ಹಣ ತಿಂದ ಕಾರ್ಯದರ್ಶಿಯೊಬ್ಬರು, ಕೊನೆಗೆ ಅಂಗಿ ಜೇಬಿನಿಂದ ಒಂದು ಪುಟ್ಟ ನೋಟ್‌ಬುಕ್ ತೆಗೆದು ನನ್ನ ಮುಂದಿಟ್ಟರು. ಆರು ವರ್ಷದ ಸರಿಯಾದ ಬಾಕಿ, ಪೈಸೆ ಸಮೇತ.

"ಇದನ್ನ ಯಾಕೆ ಇಟ್ಕೊಂಡ್ರಿ ಮಾರಾಯ್ರೇ?" ಅಂದೆ.

"ಎಷ್ಟು ಹೋಗಿದೆ ಅಂತ ನನಗಾದ್ರೂ ಗೊತ್ತಿರಬೇಕಲ್ಲ ಸಾರ್."