ಮೈಗ್ರೇಷನ್ ‘ಡರ್ಟಿ’ ಆಗಿದೆ ಅಂದರೆ ಏನರ್ಥ?

ಡೇಟಾಬೇಸ್‌ನ ಟೇಬಲ್‌ಗೆ ಹೊಸ ಕಾಲಂ ಸೇರಿಸುವುದು, ಹುಡುಕಾಟ ಬೇಗ ಆಗಲಿ ಎಂದು ಇಂಡೆಕ್ಸ್ ಹಾಕುವುದು, ಇಂಥ ಬದಲಾವಣೆಗಳನ್ನು ನಂಬರ್ ಕೊಟ್ಟ ಫೈಲ್‌ಗಳಲ್ಲಿ ಬರೆದು ಒಂದೊಂದಾಗಿ ಓಡಿಸುವುದೇ ಸ್ಕೀಮಾ ಮೈಗ್ರೇಷನ್. ಈ ಕೆಲಸಕ್ಕೆ ಗೋಲ್ಯಾಂಗ್ ಮೈಗ್ರೇಟ್ ಎಂಬ ಟೂಲ್ ಬಳಸುವವರಿಗೆ ಕೆಲವೊಮ್ಮೆ ‘ಡರ್ಟಿ ಡೇಟಾಬೇಸ್ ವರ್ಷನ್ 12’ ಎಂಬ ಎರರ್ ಬರುತ್ತದೆ. ಓದಿದ ತಕ್ಷಣ ಡೇಟಾ ಹಾಳಾಯಿತೇನೋ ಎಂದು ಭಯ ಆಗುತ್ತದೆ, ಅಲ್ವಾ? ಆದರೆ ಡರ್ಟಿ ಅಂದರೆ ಡೇಟಾ ಕೆಟ್ಟಿದೆ ಎಂದಲ್ಲ. ‘12ನೇ ನಂಬರಿನ ಫೈಲ್ ಶುರುವಾಯಿತು, ಸರಿಯಾಗಿ ಮುಗಿಯಲಿಲ್ಲ’ ಎಂದಷ್ಟೇ.

ಈ ಟೂಲ್ ಡೇಟಾಬೇಸ್‌ನಲ್ಲೇ ಒಂದು ಪುಟ್ಟ ಟೇಬಲ್ ಇಟ್ಟುಕೊಳ್ಳುತ್ತದೆ. ಅದರಲ್ಲಿ ಎರಡೇ ಕಾಲಂ: ವರ್ಷನ್ ಮತ್ತು ಡರ್ಟಿ. ಫೈಲ್ ಓಡಿಸುವ ಮೊದಲೇ ಡರ್ಟಿ ಎಂದು ಗುರುತು ಹಾಕುತ್ತದೆ, ಸರಿಯಾಗಿ ಮುಗಿದರೆ ಅಳಿಸುತ್ತದೆ. ನಡುವೆ ಎಡವಿದರೆ ಗುರುತು ಹಾಗೇ ಉಳಿಯುತ್ತದೆ. ಆಮೇಲೆ ಅದನ್ನು ಬಿಡಿಸುವ ತನಕ ಟೂಲ್ ಮುಂದಕ್ಕೆ ಹೋಗುವುದಿಲ್ಲ.

ನಿಜವಾದ ಟೇಬಲ್ ಎಲ್ಲಿ ನಿಂತಿದೆ ಎಂಬುದನ್ನು ಈ ಗುರುತು ಹೇಳುವುದಿಲ್ಲ. ಫೈಲ್‌ನಲ್ಲಿ ಮೂರು ಹೆಜ್ಜೆ ಇದೆ ಅಂದುಕೊಳ್ಳಿ: ಕಾಲಂ ಸೇರಿಸು, ಹಳೆಯ ಸಾಲುಗಳಿಗೆ ಮೌಲ್ಯ ತುಂಬು, ಕೊನೆಗೆ ಆ ಕಾಲಂ ಅನ್ನು ‘ನಾಟ್ ನಲ್’ (ಖಾಲಿ ಇರಕೂಡದು) ಮಾಡು. ಎಲ್ಲೋ ಒಂದು ಸಾಲು ಖಾಲಿ ಉಳಿದಿದ್ದರೆ ಮೂರನೆಯದು ಸೋಲುತ್ತದೆ. ಮುಂದೇನಾಗುತ್ತದೆ ಎಂಬುದು ಯಾವ ಡೇಟಾಬೇಸ್ ಎಂಬುದರ ಮೇಲಿದೆ. ಮೈಎಸ್‌ಕ್ಯೂಎಲ್‌ನಲ್ಲಿ ಟೇಬಲ್ ಬದಲಿಸುವ ಆದೇಶ ಓಡಿದ ಕೂಡಲೇ ತಾನಾಗಿಯೇ ಕಮಿಟ್, ಅಂದರೆ ಖಾಯಂ, ಆಗುತ್ತದೆ, ಹಾಗಾಗಿ ಮೊದಲ ಹೆಜ್ಜೆಯಲ್ಲಿ ಸೇರಿದ ಕಾಲಂ ಅಲ್ಲೇ ಉಳಿಯುತ್ತದೆ. ಪೋಸ್ಟ್‌ಗ್ರೆಸ್‌ನಲ್ಲಿ ಮೂರೂ ಒಂದೇ ಟ್ರಾನ್ಸಾಕ್ಷನ್‌ನಲ್ಲಿದ್ದರೆ (ಆದರೆ ಎಲ್ಲವೂ, ಇಲ್ಲದಿದ್ದರೆ ಯಾವುದೂ ಇಲ್ಲ ಎಂಬ ಕಟ್ಟು) ಮೂರೂ ರದ್ದಾಗುತ್ತವೆ. ಟೇಬಲ್ ಮೊದಲಿನಂತೆಯೇ ಇರುತ್ತದೆ, ಗುರುತು ಮಾತ್ರ ಡರ್ಟಿ.

ಪೋಸ್ಟ್‌ಗ್ರೆಸ್‌ನಲ್ಲೂ ಒಂದು ಕಡೆ ಎಚ್ಚರ ಬೇಕು. ಟೇಬಲ್‌ಗೆ ಡೇಟಾ ಬರೆಯುವುದನ್ನು ತಡೆಯದೆ ಇಂಡೆಕ್ಸ್ ಕಟ್ಟುವ ‘ಕನ್‌ಕರೆಂಟ್ಲಿ’ ಆದೇಶ ಟ್ರಾನ್ಸಾಕ್ಷನ್ ಒಳಗೆ ಓಡುವುದಿಲ್ಲ. ಅದು ನಡುವೆ ಸೋತರೆ ಕ್ವೆರಿಗಳಿಗೆ ಉಪಯೋಗಕ್ಕೆ ಬಾರದ ‘ಇನ್‌ವ್ಯಾಲಿಡ್’ ಇಂಡೆಕ್ಸ್ ಒಂದು ಉಳಿದುಬಿಡುತ್ತದೆ. ಫೈಲ್‌ನಲ್ಲಿ ‘ಇಫ್ ನಾಟ್ ಎಕ್ಸಿಸ್ಟ್ಸ್’ (ಇಲ್ಲದಿದ್ದರೆ ಮಾತ್ರ ಕಟ್ಟು) ಎಂದು ಬರೆದಿದ್ದರೆ ಮುಂದಿನ ಸಲ ಆ ಹೆಸರು ಇದೆ ಎಂದು ನೋಡಿ ದಾಟಿ ಹೋಗುತ್ತದೆ. ಮೈಗ್ರೇಷನ್ ಗೆದ್ದಂತೆ ಕಾಣುತ್ತದೆ, ಕ್ವೆರಿಗಳು ಮಾತ್ರ ನಿಧಾನವಾಗಿಯೇ ಇರುತ್ತವೆ. ಮೊದಲು ಆ ಇಂಡೆಕ್ಸ್ ಕಿತ್ತುಹಾಕಿ, ಆಮೇಲೆ ಮತ್ತೆ ಕಟ್ಟಬೇಕು.

ಹಾಗಾದರೆ ಸರಿ ಮಾಡುವುದು ಹೇಗೆ? ಮೊದಲು ಹಳೆಯ ಲಾಗ್ ಹುಡುಕಿ. ಎರಡನೇ ಸಲ ಓಡಿಸಿದಾಗ ಬರೀ ‘ಡರ್ಟಿ’ ಎಂದು ಬರುತ್ತದೆ, ಅಸಲಿ ಕಾರಣ ಮೊದಲ ಸಲದ ಲಾಗ್‌ನಲ್ಲಿರುತ್ತದೆ. ಆಮೇಲೆ ಫೈಲ್ ಪಕ್ಕದಲ್ಲಿಟ್ಟುಕೊಂಡು ಯಾವ ಹೆಜ್ಜೆ ಆಗಿದೆ, ಯಾವುದು ಆಗಿಲ್ಲ ಎಂದು ಟೇಬಲ್‌ನಲ್ಲೇ ನೋಡಿ. ಆದದ್ದನ್ನು ಕೈಯಾರೆ ಹಿಂದೆ ತೆಗೆದರೆ ಟೂಲ್‌ಗೆ ‘ಫೋರ್ಸ್ 11’ ಎಂಬ ಆದೇಶ ಕೊಟ್ಟು, ತಪ್ಪು ತಿದ್ದಿದ ಫೈಲನ್ನು ಮತ್ತೆ ಓಡಿಸಿ. ಉಳಿದದ್ದನ್ನು ಕೈಯಾರೆ ಮುಗಿಸಿದರೆ ‘ಫೋರ್ಸ್ 12’.

ಫೋರ್ಸ್ ಯಾವ ಫೈಲನ್ನೂ ಓಡಿಸುವುದಿಲ್ಲ. ನಂಬರ್ ಬರೆದು ಗುರುತು ಅಳಿಸುತ್ತದೆ, ಅಷ್ಟೇ. ಟೇಬಲ್ ನೋಡದೆ ಸುಮ್ನೆ ‘ಫೋರ್ಸ್ 11’ ಕೊಟ್ಟು ಫೈಲನ್ನು ಮತ್ತೆ ಓಡಿಸಿದರೆ, ಮೊದಲ ಸಲದ ಕಾಲಂ ಉಳಿದಿದ್ದಲ್ಲಿ, ಕಾಲಂ ಆಗಲೇ ಇದೆ ಎಂಬ ಎರರ್ ಅಲ್ಲೇ ಬರುತ್ತದೆ. ಸುಮ್ನೆ ‘ಫೋರ್ಸ್ 12’ ಕೊಡುವುದು ಅದಕ್ಕಿಂತ ಜಾಸ್ತಿ ಅಪಾಯ. ಆಗ ಯಾವ ಎರರ್ ಕೂಡ ಬರುವುದಿಲ್ಲ, ಬಿಟ್ಟುಹೋದ ಹೆಜ್ಜೆಯನ್ನು ಟೂಲ್ ಇನ್ನೆಂದೂ ಓಡಿಸುವುದಿಲ್ಲ.

ಮೈಎಸ್‌ಕ್ಯೂಎಲ್ ಬಳಸುವವರಿಗೆ ನನ್ನದೊಂದು ಸಲಹೆ: ಒಂದು ಫೈಲ್‌ನಲ್ಲಿ ಒಂದೇ ಬದಲಾವಣೆ ಇಡಿ. ಫೈಲ್‌ಗಳು ಜಾಸ್ತಿ ಆದರೂ ಪರವಾಗಿಲ್ಲ, 12 ಸೋತಾಗ ಹುಡುಕಬೇಕಾದದ್ದು ಒಂದೇ ಹೆಜ್ಜೆ.