ಪೋರ್ಷೆ 911ರ ಎಂಜಿನ್ ಮಧ್ಯಕ್ಕೆ ಬರಬೇಕಾ?

ಪ್ರಶ್ನೆ: ಅಮೆರಿಕದ ಸ್ಪೋರ್ಟ್ಸ್ ಕಾರು ಕಾರ್ವೆಟ್ ಇಷ್ಟು ವರ್ಷ ಮುಂದೆ ಇಟ್ಟಿದ್ದ ಎಂಜಿನ್ನನ್ನು ಕೊನೆಗೂ ಮಧ್ಯಕ್ಕೆ ತಂದಿತು. ಜರ್ಮನಿಯ ಸ್ಪೋರ್ಟ್ಸ್ ಕಾರು ಪೋರ್ಷೆ 911 ಮಾತ್ರ ಇನ್ನೂ ಹಿಂದೆಯೇ ಇಟ್ಟುಕೊಂಡಿದೆ. ಇದು ಹಟ ಅಲ್ವಾ? ಅದೂ ಬದಲಾಗಬೇಕಲ್ವಾ? ನಾವು ಕಾಲೇಜಿನಲ್ಲಿ ಮಾಡುತ್ತಿರುವ ಪುಟ್ಟ ರೇಸ್ ಕಾರಿಗೂ ಇದೇ ಚರ್ಚೆ ನಡೆದಿದೆ.
ಮೆಕ್ಯಾನಿಕಲ್ ವಿದ್ಯಾರ್ಥಿ, ದಾವಣಗೆರೆ

ಉತ್ತರ: ಬದಲಾಗುವುದು ಬೇಡ ಅನ್ನುವುದು ನನ್ನ ಗಟ್ಟಿ ಅಭಿಪ್ರಾಯ. ಕಾರ್ವೆಟ್ ಬದಲಾಗಿದ್ದು ಸರಿ. 911 ಬದಲಾಗದೆ ಇರುವುದೂ ಸರಿ. ಈ ಪ್ರಶ್ನೆಯನ್ನು ತುಂಬಾ ಜನ ಕೇಳುತ್ತಾರೆ, ಹಾಗಾಗಿ ಸ್ವಲ್ಪ ವಿವರವಾಗಿಯೇ ಹೇಳುತ್ತೇನೆ.

ಎಡ ಬಲ ಚಕ್ರಗಳನ್ನು ಜೋಡಿಸುವ ಅಚ್ಚೇ ಆಕ್ಸಲ್. ಮುಂದಿನ ಆಕ್ಸಲ್ಲಿಗೂ ಹಿಂದಿನ ಆಕ್ಸಲ್ಲಿಗೂ ನಡುವೆ ಎಂಜಿನ್ ಕೂತಿದ್ದರೆ ಅದು ಮಿಡ್ ಎಂಜಿನ್. ಸ್ಪೋರ್ಟ್ಸ್ ಕಾರಿನಲ್ಲಿ ಅಂದರೆ ಡ್ರೈವರ್ ಬೆನ್ನಿನ ಹಿಂದೆ, ಹಿಂದಿನ ಚಕ್ರಗಳ ಮುಂದೆ. ಇದನ್ನು ನೋಡಲು ಇಟಲಿಗೆ ಹೋಗಬೇಕಿಲ್ಲ. ದಾವಣಗೆರೆಯ ಯಾವುದಾದರೂ ಗ್ಯಾರೇಜಿನಲ್ಲಿ ಹಳೇ ಮಾರುತಿ ಓಮ್ನಿ ನಿಂತಿದ್ದರೆ ಅದರ ಮುಂದಿನ ಸೀಟು ಎತ್ತಿಸಿ ನೋಡಿ. 796 ಸಿಸಿಯ ಮೂರು ಸಿಲಿಂಡರ್ ಎಂಜಿನ್ ಅಲ್ಲೇ ಇರುತ್ತದೆ, ಮುಂದಿನ ಆಕ್ಸಲ್ಲಿನ ಹಿಂದೆ. 1984ರಿಂದ 2019ರವರೆಗೆ ನಮ್ಮ ಮದುವೆ ದಿಬ್ಬಣ, ಸ್ಕೂಲ್ ಮಕ್ಕಳು, ಸಂತೆ ಸಾಮಾನು ಎಲ್ಲವನ್ನೂ ಹೊತ್ತ ಆ ಗಾಡಿ ಲೆಕ್ಕಕ್ಕೆ ಮಿಡ್ ಎಂಜಿನ್ ಗಾಡಿಯೇ. ಇದಕ್ಕೆ ಕೊಡಬೇಕಾದ ಬೆಲೆ ಏನು ಅಂತಲೂ ಓಮ್ನಿಯವರಿಗೆ ಚೆನ್ನಾಗಿ ಗೊತ್ತು. ಬೇಸಿಗೆಯಲ್ಲಿ ಸೀಟು ಬಿಸಿ, ಒಳಗೆಲ್ಲ ಎಂಜಿನ್ ಸದ್ದು, ಸಣ್ಣ ರಿಪೇರಿಗೂ ಸೀಟು ಎತ್ತಬೇಕು.

911ರ ಎಂಜಿನ್ ಇರುವುದು ಹಿಂದಿನ ಆಕ್ಸಲ್ಲಿಗಿಂತಲೂ ಹಿಂದೆ. ಇಲ್ಲೊಂದು ವಿಷಯ ಬಹಳ ಜನರ ಗಮನಕ್ಕೆ ಬರುವುದಿಲ್ಲ. ಹೊಸ ಕಾರ್ವೆಟ್‌ನಲ್ಲೂ 911ರಲ್ಲೂ ಒಟ್ಟು ತೂಕದ ಸುಮಾರು ಶೇ 60ರಷ್ಟು ಹಿಂದಿನ ಚಕ್ರಗಳ ಮೇಲೇ ಇರುತ್ತದೆ. ತೂಕದ ಪಾಲು ಹೆಚ್ಚುಕಡಿಮೆ ಒಂದೇ. ಹಾಗಾದರೆ ವ್ಯತ್ಯಾಸ ಎಲ್ಲಿ? ಆ ತೂಕ ಕಾರಿನ ನಡುವಿನಿಂದ ಎಷ್ಟು ದೂರದಲ್ಲಿದೆ ಅನ್ನುವುದರಲ್ಲಿ. ಎರಡು ಕೊಡ ನೀರನ್ನು ಮೈಗೆ ಒತ್ತಿ ಹಿಡಿದು ಗಿರಕ್ಕನೆ ತಿರುಗಿ ನೋಡಿ. ಆಮೇಲೆ ಕೈ ಚಾಚಿ ಹಿಡಿದು ತಿರುಗಿ. ಎರಡನೇ ಸಲ ತಿರುಗಲೂ ಕಷ್ಟ, ತಿರುಗಿದ ಮೇಲೆ ನಿಲ್ಲಲೂ ಕಷ್ಟ. ಮಿಡ್ ಎಂಜಿನ್ ಕಾರು ತಿರುವಿನಲ್ಲಿ ಬೇಗ ತಿರುಗುವುದು ಇದಕ್ಕೇ. ಹಳೇ 911ರಲ್ಲಿ ತಿರುವಿನ ಮಧ್ಯೆ ಹೆದರಿ ಆಕ್ಸಿಲರೇಟರ್ ಬಿಟ್ಟರೆ ಹಿಂಭಾಗ ಹೊರಕ್ಕೆ ಜಾರುತ್ತಿದ್ದದ್ದೂ ಇದಕ್ಕೇ. ಚಿತ್ರದುರ್ಗಕ್ಕೆ ಹೋಗುವ ಹೆದ್ದಾರಿಯಲ್ಲಿ ನೇರ ಹೋಗುವಾಗ ಇದ್ಯಾವುದೂ ಗೊತ್ತಾಗುವುದಿಲ್ಲ. ಜೋಗಿಮಟ್ಟಿ ಬೆಟ್ಟ ಹತ್ತುವಂಥ ತಿರುವಿನ ದಾರಿಯಲ್ಲಿ ಗೊತ್ತಾಗುತ್ತದೆ.

ಈಗ ಕಾರ್ವೆಟ್ ಕಥೆ. ಷೆವರ್ಲೆ ಕಂಪನಿ ಅದನ್ನು ತಂದದ್ದು 1953ರಲ್ಲಿ. ಅದಕ್ಕೆ ನಿಜವಾದ ಜೀವ ತುಂಬಿದ ಎಂಜಿನಿಯರ್ ಜೋರಾ ಆರ್ಕಸ್ ಡಂಟೋವ್. ಎಂಜಿನ್ನನ್ನು ಡ್ರೈವರ್ ಹಿಂದೆ ಇಟ್ಟ ಪ್ರಯೋಗದ ಕಾರನ್ನು ಅವರು 1960ರಲ್ಲೇ ಮಾಡಿದ್ದರು. ಕಾರ್ವೆಟ್ ಕೂಡ ಹೀಗೇ ಆಗಬೇಕು ಅಂತ ನಿವೃತ್ತಿಯಾಗುವವರೆಗೂ ಒತ್ತಾಯಿಸಿದರು. ಕಂಪನಿ ಒಪ್ಪಲಿಲ್ಲ. ಡಂಟೋವ್ 1996ರಲ್ಲಿ ತೀರಿಕೊಂಡರು. ಅವರ ಆಸೆಯ ಕಾರು ಹೊರಬಂದದ್ದು 2019ರ ಜುಲೈನಲ್ಲಿ.

ಕಂಪನಿ ಕೊನೆಗೂ ಒಪ್ಪಿದ್ದೇಕೆ? ಅಂಕಿ ನೋಡಿದರೆ ಗೊತ್ತಾಗುತ್ತದೆ. ಮುಂದೆ ಎಂಜಿನ್ ಇದ್ದ ಕೊನೆಯ ದೊಡ್ಡ ಕಾರ್ವೆಟ್ ಜ಼ೆಡ್‌ಆರ್1ಗೆ 755 ಹಾರ್ಸ್‌ಪವರ್. ಎಂಜಿನ್ ಮಧ್ಯಕ್ಕೆ ಬಂದು 2019ರಲ್ಲಿ ಹೊರಬಂದ ಸಾಮಾನ್ಯ ಮಾದರಿಯ ಕಾರ್ವೆಟ್‌ಗೆ 495. ಆದರೂ ನಿಂತಲ್ಲಿಂದ ಗಂಟೆಗೆ 96 ಕಿ.ಮೀ. ವೇಗ ಮುಟ್ಟಲು ಎರಡಕ್ಕೂ ಬೇಕಾದದ್ದು ಮೂರು ಸೆಕೆಂಡಿಗಿಂತ ಚೂರು ಕಡಿಮೆ. 260 ಹಾರ್ಸ್‌ಪವರ್ ಎಲ್ಲಿಗೆ ಹೋಯಿತು? ಎಂಜಿನ್ ಮುಂದಿದ್ದರೆ ಹಿಂದಿನ ಟೈರುಗಳ ಮೇಲೆ ತೂಕ ಕಡಿಮೆ, ಹಾಗಾಗಿ ಅವಕ್ಕೆ ಅಷ್ಟು ಶಕ್ತಿಯನ್ನು ರಸ್ತೆಗೆ ಇಳಿಸುವ ಹಿಡಿತ ಸಿಗಲಿಲ್ಲ. ಗೇರ್‌ಬಾಕ್ಸನ್ನು ಎಂದೋ ಹಿಂದಕ್ಕೆ ಸಾಗಿಸಿದ್ದಾಗಿತ್ತು. ಎಂಜಿನ್ನನ್ನೂ ಮುಂದಿನ ಆಕ್ಸಲ್ಲಿನ ಹಿಂದಕ್ಕೆ ತಳ್ಳಿದ್ದಾಗಿತ್ತು. ಇನ್ನು ಉಳಿದಿದ್ದು ಅದನ್ನು ಡ್ರೈವರ್ ಹಿಂದಕ್ಕೆ ದಾಟಿಸುವುದು ಮಾತ್ರ. ಕಾರ್ವೆಟ್ ಅಭಿಮಾನಿ ಬಯಸುವುದು ಎಂಟು ಸಿಲಿಂಡರಿನ ದೊಡ್ಡ ವಿ8 ಎಂಜಿನ್, ಅದರ ಗುಡುಗು, ಕೈಗೆ ಎಟುಕುವ ಬೆಲೆ. ಎಂಜಿನ್ ಎಲ್ಲಿದೆ ಅನ್ನುವುದು ಆ ಪಟ್ಟಿಯಲ್ಲಿ ಮೊದಲಿಂದಲೂ ಇರಲಿಲ್ಲ. ಹಾಗಾಗಿ ಜಾಗ ಬದಲಾದರೂ ಕಾರು ಕಾರ್ವೆಟ್ ಆಗಿಯೇ ಉಳಿಯಿತು. ಹೊಸದರಲ್ಲಿ ಮ್ಯಾನುಯಲ್ ಗೇರ್ ಇಲ್ಲದೆ ಕ್ಲಚ್ ಪೆಡಲ್ ಹೋಗಿದ್ದಕ್ಕೆ ಮಾತ್ರ ನನಗೆ ಇವತ್ತಿಗೂ ಬೇಸರವಿದೆ.

911ರ ವಿಷಯ ಹಾಗಲ್ಲ. ಪೋರ್ಷೆ ಹೆಸರು ಹೊತ್ತ ಮೊಟ್ಟಮೊದಲ ಕಾರು, 1948ರ 356 ನಂಬರ್ 1, ಮಿಡ್ ಎಂಜಿನ್ ಕಾರೇ ಆಗಿತ್ತು! ಮಾರಾಟಕ್ಕೆ ತರುವಾಗ ಜನ ಕೂರಲು, ಸಾಮಾನು ಇಡಲು ಜಾಗ ಬೇಕು ಅಂತ ಎಂಜಿನ್ನನ್ನು ಬೇಕೆಂದೇ ಹಿಂದಕ್ಕೆ ಸಾಗಿಸಿದರು. 1963ರಲ್ಲಿ ಬಂದ 911 ಅದೇ ದಾರಿ ಹಿಡಿಯಿತು. ಅದರ ಹಿಂದಿನ ಪುಟ್ಟ ಸೀಟುಗಳಲ್ಲಿ ಇಬ್ಬರು ಮಕ್ಕಳು ಇವತ್ತಿಗೂ ಕೂರಬಹುದು. ಎಂಜಿನ್ ಮಧ್ಯಕ್ಕೆ ಬಂದರೆ ಮೊದಲು ಹೋಗುವುದೇ ಆ ಸೀಟುಗಳು.

ಹಿಂಭಾಗ ಜಾರುವ ಕಷ್ಟವನ್ನು ಪೋರ್ಷೆಯವರು ಸುಮ್ನೆ ಬಿಡಲಿಲ್ಲ. ಶುರುವಿನಲ್ಲಿ ಮುಂದಿನ ಬಂಪರಿನ ಎರಡೂ ಮೂಲೆಗೆ ಬೀಡುಕಬ್ಬಿಣದ ತೂಕ ಇಟ್ಟರು. 1968ರಲ್ಲಿ ಮುಂದಿನ, ಹಿಂದಿನ ಚಕ್ರಗಳ ನಡುವಿನ ದೂರವನ್ನು, ಅಂದರೆ ವೀಲ್‌ಬೇಸನ್ನು 57 ಮಿ.ಮೀ. ಉದ್ದ ಮಾಡಿ, ಹಿಂದಿನ ಚಕ್ರಗಳನ್ನೇ ಎಂಜಿನ್ ಕಡೆಗೆ ಸರಿಸಿದರು. 1993ರಲ್ಲಿ ಹಿಂದಿನ ಸಸ್ಪೆನ್ಷನ್ ಪೂರ್ತಿ ಹೊಸದಾಯಿತು. 2011ರಲ್ಲಿ ವೀಲ್‌ಬೇಸ್ ಮತ್ತೆ 100 ಮಿ.ಮೀ. ಉದ್ದವಾಯಿತು. ತಲೆಮಾರುಗಳ ಈ ಎಂಜಿನಿಯರಿಂಗ್ ನನಗೆ ಬಹಳ ಇಷ್ಟ. ಕೆಡುಕು ಕರಗುತ್ತಾ ಬಂತು, ಗುಣ ಉಳಿಯಿತು. ಬ್ರೇಕ್ ಹಾಕಿದಾಗ ಹಿಂದಿನ ಚಕ್ರವೂ ತನ್ನ ಪಾಲಿನ ಕೆಲಸ ಮಾಡುತ್ತದೆ. ತಿರುವಿನಿಂದ ಹೊರಬರುವಾಗ ಟೈರು ನೆಲ ಕಚ್ಚಿ ಹಿಡಿಯುತ್ತದೆ.

‘ರೇಸಿನಲ್ಲಿ ಪೋರ್ಷೆಯೇ ಮಧ್ಯಕ್ಕೆ ಹೋಯಿತಲ್ಲ’ ಅಂತ ನೀವು ಕೇಳಬಹುದು. ಹೌದು. 2017ರ 911 ಆರ್‌ಎಸ್‌ಆರ್‌ನಲ್ಲಿ ಎಂಜಿನ್ ಹಿಂದಿನ ಆಕ್ಸಲ್ಲಿನ ಮುಂದಿತ್ತು. ಕಾರಿನ ಅಡಿಯಿಂದ ಹಿಂದಕ್ಕೆ ಗಾಳಿಯನ್ನು ಹೊರಕ್ಕೆ ಹರಿಸಿ ಕಾರನ್ನು ನೆಲಕ್ಕೆ ಒತ್ತುವ ಡಿಫ್ಯೂಸರಿಗೆ ದೊಡ್ಡ ಜಾಗ ಸಿಕ್ಕಿತು. ಆದರೆ ಅಲ್ಲಿ ಹಿಂದಿನ ಸೀಟು ಬೇಕಿಲ್ಲ, ಬ್ಯಾಗ್ ಇಡಬೇಕಿಲ್ಲ. ಮನೆಗೆ ಮಿಡ್ ಎಂಜಿನ್ ಪೋರ್ಷೆಯೇ ಬೇಕು ಅನ್ನುವವರಿಗೆ 1996ರಲ್ಲಿ ಬಾಕ್ಸ್‌ಸ್ಟರ್, 2005ರಲ್ಲಿ ಕೇಮನ್ ಬಂದವು. 911 ಕೂಡ ಅದೇ ಆಗಿಬಿಟ್ಟರೆ ಅದನ್ನೇ ಕೊಳ್ಳಲು ಕಾರಣ ಏನು ಉಳಿಯುತ್ತದೆ?

ಎಲ್ಲ ಕಾರುಗಳೂ ಕೊನೆಗೆ ಮಧ್ಯಕ್ಕೇ ಬರಬೇಕು ಅನ್ನುವವರು ಫೆರಾರಿಯನ್ನು ನೋಡಬೇಕು. ತನ್ನ ದೊಡ್ಡ ಹನ್ನೆರಡು ಸಿಲಿಂಡರ್ ಕಾರಿನ ಎಂಜಿನ್ನನ್ನು ಅದು 1973ರಲ್ಲಿ ಮಧ್ಯಕ್ಕೆ ತಂದಿತು. 1996ರಲ್ಲಿ 550 ಮರನೆಲ್ಲೋ ಬಂದಾಗ ಎಂಜಿನ್ ಮತ್ತೆ ಮುಂದಕ್ಕೇ ಹೋಯಿತು. ದೂರ ಪ್ರಯಾಣಕ್ಕೆ, ಸಾಮಾನಿಗೆ, ಆರಾಮಕ್ಕೆ ಅದೇ ಅನುಕೂಲ.

ಇನ್ನು ನಿಮ್ಮ ಕಾಲೇಜಿನ ಕಾರು. ಅದಕ್ಕೆ ಹಿಂದಿನ ಸೀಟಿಲ್ಲ, ಡಿಕ್ಕಿಯಿಲ್ಲ, ಕಾಪಾಡಬೇಕಾದ ಹಳೇ ಹೆಸರೂ ಇಲ್ಲ. ಹಾಗಾಗಿ ಚರ್ಚೆ ನಿಲ್ಲಿಸಿ ಎಂಜಿನ್ನನ್ನು ಧೈರ್ಯವಾಗಿ ಡ್ರೈವರ್ ಬೆನ್ನಿನ ಹಿಂದೆ, ಹಿಂದಿನ ಆಕ್ಸಲ್ಲಿನ ಮುಂದೆ ಇಡಿ. ಬೈಕ್ ಎಂಜಿನ್ ಆದರೆ ಚೈನು ಗಿಡ್ಡವಾಗುತ್ತದೆ, ಅದೂ ಒಳ್ಳೆಯದೇ. ಡ್ರೈವರಿಗೂ ಎಂಜಿನ್ನಿಗೂ ನಡುವೆ ಬೆಂಕಿ ತಡೆಯುವ ಫೈರ್‌ವಾಲ್ ವಿಷಯದಲ್ಲಿ ಮಾತ್ರ ದುಡ್ಡು ಉಳಿಸಲು ಹೋಗಬೇಡಿ. ಕಾರು ಸಿದ್ಧವಾದ ಮೇಲೆ ನಾಲ್ಕೂ ಚಕ್ರದ ಕೆಳಗೆ ತೂಕದ ಯಂತ್ರ ಇಟ್ಟು, ಡ್ರೈವರ್ ಒಳಗೆ ಕೂತಿರುವಾಗಲೇ ತೂಗಿ. ಖಾಲಿ ಕಾರಿನ ತೂಕ ನಂಬಿ ಸ್ಪ್ರಿಂಗ್ ಆರಿಸಬೇಡಿ.