ಮುದ್ದೆಯ ಎಸರಿಗೆ ಯಾವ ನೀರು?

"ಕುಡಿಯೋಕೆ ಯಾವ ನೀರು ತರ್ತೀರಿ?" ಕ್ಷೇತ್ರಕಾರ್ಯಕ್ಕೆ ನನ್ನೊಂದಿಗೆ ಬರುವ ವೈದ್ಯಕೀಯ ವಿದ್ಯಾರ್ಥಿಗಳು ಮನೆಬಾಗಿಲಲ್ಲಿ ಕೇಳುವ ಮೊದಲ ಪ್ರಶ್ನೆ ಇದು. ಚಿಕ್ಕಬಳ್ಳಾಪುರ ಜಿಲ್ಲೆಯ ಬಾಗೇಪಲ್ಲಿ, ಗುಡಿಬಂಡೆ ಕಡೆಯ ಹಳ್ಳಿಗಳಲ್ಲಿ ಉತ್ತರ ಸಿದ್ಧವಾಗಿರುತ್ತದೆ: "ಫಿಲ್ಟರ್ ನೀರು." ಊರಿನ ಶುದ್ಧ ನೀರಿನ ಘಟಕದಿಂದ ತಂದ ಕ್ಯಾನು ಮೂಲೆಯಲ್ಲಿ ಕಾಣುತ್ತಲೂ ಇರುತ್ತದೆ. ವಿದ್ಯಾರ್ಥಿ ಗುರುತು ಹಾಕಿಕೊಂಡು ಮುಂದಿನ ಮನೆಗೆ ಹೋಗುತ್ತಾನೆ. ಅಂಥ ಎಷ್ಟೋ ನಮೂನೆಗಳಿಗೆ ನಾನೇ ಸಹಿ ಹಾಕಿದ್ದೇನೆ.

ತೆಲುಗು ಬಲ್ಲ ವಿದ್ಯಾರ್ಥಿನಿಯೊಬ್ಬಳು ಒಂದು ಮಧ್ಯಾಹ್ನ ಬಾಗಿಲಲ್ಲಿ ನಿಲ್ಲದೆ ಅಡುಗೆಮನೆಯವರೆಗೂ ಹೋಗಿ ಕುಳಿತಳು. ಮನೆಯಾಕೆ ಮುದ್ದೆಗೆ ಎಸರಿಟ್ಟದ್ದು ನಲ್ಲಿಯ ಬೋರ್ ನೀರಿನಲ್ಲಿ. ಕೇಳಿದರೆ, "ಬೇಳೆಗೆ ಮಾತ್ರ ಫಿಲ್ಟರ್ ನೀರಮ್ಮ, ಬೋರ್ ನೀರಲ್ಲಿ ಬೇಳೆ ಬೇಯೋದೇ ಇಲ್ಲ" ಎಂದರು. ಗಡಸು ನೀರಿನಲ್ಲಿ ಬೇಳೆ ಬೇಗ ಮೆತ್ತಗಾಗದು, ಅವರ ಅನುಭವ ನಿಜ. ಆದರೆ ಅನ್ನ, ಮುದ್ದೆ, ಕಾಫಿ ಎಲ್ಲಕ್ಕೂ ಬೋರ್ ನೀರೇ. ನಮ್ಮ ನಮೂನೆಯಲ್ಲಿ ಅದಕ್ಕೆ ಜಾಗವೇ ಇರಲಿಲ್ಲ.

ಈ ಸೀಮೆಯಲ್ಲಿ ಅದು ಸಣ್ಣ ವಿಷಯವಲ್ಲ. ಕೋಲಾರ, ಚಿಕ್ಕಬಳ್ಳಾಪುರ, ತುಮಕೂರಿನ ಪಾವಗಡ, ಎಲ್ಲ ಕಡೆಯೂ ನೆಲದಡಿ ಇರುವುದು ಗ್ರಾನೈಟ್ ಮತ್ತು ನೈಸ್ (gneiss) ಎಂಬ ಗಟ್ಟಿ ಶಿಲೆ. ವರ್ಷವಿಡೀ ಹರಿಯುವ ನದಿಯಿಲ್ಲದೆ ಬೋರ್‌ವೆಲ್‌ಗಳು ಸಾವಿರ ಅಡಿ ದಾಟಿವೆ. ಆಳದ ಬಂಡೆಯ ಬಿರುಕುಗಳಲ್ಲಿ ಬಹುಕಾಲ ನಿಂತ ನೀರು ಖನಿಜಗಳಲ್ಲಿನ ಫ್ಲೋರೈಡನ್ನು ಕರಗಿಸಿಕೊಳ್ಳುತ್ತದೆ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ, ರುಚಿಯೂ ಇಲ್ಲ. ಮಿತಿ ಮೀರಿದರೆ ಬೆಳೆಯುವ ಮಕ್ಕಳ ಹಲ್ಲಿನಲ್ಲಿ ಕಲೆ ಮೂಡಿಸುತ್ತದೆ. ಭಾರತೀಯ ಮಾನಕದ ಪ್ರಕಾರ ಲೀಟರಿಗೆ 1 ಮಿಲಿಗ್ರಾಂ ಇದ್ದರೆ ಸರಿ, ಬೇರೆ ಮೂಲವೇ ಇಲ್ಲದಿದ್ದರೆ 1.5ರವರೆಗೆ ನಡೆಯುತ್ತದೆ. ಕುದಿಸಿದರೆ ರೋಗಾಣು ಸಾಯುತ್ತದೆ, ಫ್ಲೋರೈಡ್ ಹೋಗುವುದಿಲ್ಲ. ನೀರು ಆವಿಯಾದಷ್ಟೂ ಉಳಿದದ್ದರಲ್ಲಿ ಅದರ ಸಾಂದ್ರತೆ ಹೆಚ್ಚುತ್ತದೆ.

ವಿದ್ಯಾರ್ಥಿಗಳಿಗೆ ಒಂದು ಲೆಕ್ಕ ಮಾಡಿಸುತ್ತೇನೆ. ಬೋರ್ ನೀರಿನಲ್ಲಿ ಲೀಟರಿಗೆ 3 ಮಿಲಿಗ್ರಾಂ ಫ್ಲೋರೈಡ್ ಇದೆ ಎಂದಿಟ್ಟುಕೊಳ್ಳಿ. ಒಬ್ಬರು ದಿನಕ್ಕೆ ಎರಡು ಲೀಟರ್ ಫಿಲ್ಟರ್ ನೀರನ್ನೇ ಕುಡಿಯುತ್ತಾರೆ. ಆದರೆ ಮುದ್ದೆ, ಅನ್ನ, ಕಾಫಿಯ ಮೂಲಕ ಒಂದು ಲೀಟರ್ ಬೋರ್ ನೀರು ಹೊಟ್ಟೆ ಸೇರುತ್ತದೆ. ಆ ಒಂದು ಲೀಟರಿನಿಂದಲೇ 3 ಮಿಲಿಗ್ರಾಂ ಆಯಿತು. 1.5 ಇರುವ ನೀರನ್ನು ಎರಡು ಲೀಟರ್ ಕುಡಿದರೆ ಸೇರುವುದೂ ಅಷ್ಟೇ. ಕ್ಯಾನು ಹೊತ್ತು ತಂದ ಶ್ರಮದ ಒಂದು ಪಾಲು ಎಸರಿನಲ್ಲಿ ಕರಗಿಹೋಯಿತು.

ಹಲ್ಲಿನ ವಿಷಯದಲ್ಲೂ ಆತುರ ಕೂಡದು. ಹತ್ತು ವರ್ಷದ ಹುಡುಗಿಯ ಮುಂದಿನ ಹಲ್ಲುಗಳ ಮೇಲೆ ಎಡಬಲ ಸಮನಾಗಿ ಅಡ್ಡಡ್ಡ ಕಂದು ಪಟ್ಟಿ ಕಂಡರೆ "ಇಲ್ಲಿಯ ನೀರು ಕೆಟ್ಟಿದೆ" ಎಂದು ವಿದ್ಯಾರ್ಥಿಗಳು ಬರೆದುಬಿಡುತ್ತಾರೆ. ಆ ಹಲ್ಲಿನ ಹೊರಪದರ ರೂಪುಗೊಂಡದ್ದು ಅವಳ ಮೊದಲ ನಾಲ್ಕೈದು ವರ್ಷಗಳಲ್ಲಿ. ಅದು ಹೇಳುವುದು ಅಂದಿನ ನೀರಿನ ಕಥೆ, ಇಂದಿನದಲ್ಲ. ಉಜ್ಜಿದರೆ ಹೋಗುವ ಕಲೆಯೂ ಅದಲ್ಲ. ನಗುವಾಗ ಬಾಯಿಗೆ ಕೈ ಅಡ್ಡ ಹಿಡಿಯುವ ಹುಡುಗಿಗೆ "ಸರಿಯಾಗಿ ಬ್ರಷ್ ಮಾಡು" ಎಂದು ನಮ್ಮವರೊಬ್ಬರು ಹೇಳಿದ್ದನ್ನು ಕೇಳಿ ನನಗೆ ತುಂಬ ನೋವಾಯಿತು.

ರೋಗಾಣು ಪರೀಕ್ಷೆಯಲ್ಲೂ ನೀರಿನ ಹಿಂದೆ ಕೊನೆಯವರೆಗೂ ಹೋಗಬೇಕು. ನೀರಿನಲ್ಲಿ ರೋಗಾಣುವಿನ ಸುಳಿವಿದ್ದರೆ ಕಪ್ಪಾಗುವ ಪರೀಕ್ಷಾ ಬಾಟಲಿಗಳಿವೆ, ಎಚ್‌ಟುಎಸ್ (H2S) ಬಾಟಲಿ ಎನ್ನುತ್ತಾರೆ. ಒಂದಕ್ಕೆ ನಲ್ಲಿಯ ನೀರು, ಇನ್ನೊಂದಕ್ಕೆ ಬಿಂದಿಗೆಯ ನೀರು ತುಂಬಿಡಿ. ಒಂದೆರಡು ದಿನದಲ್ಲಿ ಬಿಂದಿಗೆಯದ್ದು ಮಾತ್ರ ಕಪ್ಪಾದರೆ, ದೋಷ ಪೈಪಿನದಲ್ಲ, ಬಹುಮಟ್ಟಿಗೆ ಲೋಟದ ಜೊತೆ ಒಳಗೆ ಅದ್ದಿದ ಬೆರಳಿನದು. ಉದ್ದ ಹಿಡಿಯ ಸೌಟು ಸಾಕು. ಫಿಲ್ಟರ್ ಘಟಕದ ನೀರನ್ನೂ ಆಗಾಗ ಪರೀಕ್ಷಿಸಲೇಬೇಕು, ನೀರು ಶೋಧಿಸುವ ಪೊರೆ ಹಾಳಾದರೆ ಫ್ಲೋರೈಡ್ ದಾಟಿ ಬರುತ್ತದೆ.

ನೀರಿನ ಪರೀಕ್ಷೆಯ ಫಲಿತಾಂಶ ಹೇಳಲು, ಮುದ್ದೆಗೆ ಎಸರಿಟ್ಟ ಆ ಮನೆಗೆ ಮತ್ತೆ ಹೋದೆವು. ಇದು ನನ್ನ ಕಡ್ಡಾಯ. ಜನರ ನೀರು ತುಂಬಿಕೊಂಡು ಹೋಗಿ ಉತ್ತರ ಕೊಡದಿರುವುದು ತಪ್ಪು. ಅಡುಗೆಗೂ ಫಿಲ್ಟರ್ ನೀರು ಬಳಸಿ ಎಂದಾಗ ಮನೆಯಾಕೆ ಕೇಳಿದರು: "ದುಡ್ಡು ಹೆಂಗೋ ಆಗುತ್ತೆ, ಹೊರೋರು ಯಾರು?" ತುಂಬಿದ ಕ್ಯಾನು ಇಪ್ಪತ್ತು ಕಿಲೋ. ಗಂಡ ಬೈಕ್ ತೆಗೆದುಕೊಂಡು ಕೆಲಸಕ್ಕೆ ಹೋದ ಮೇಲೆ ಅದು ಅವರ ಸೊಂಟದ ಮೇಲೆಯೇ ಬರಬೇಕು.

ವಿದ್ಯಾರ್ಥಿನಿ ತೊಟ್ಟಿಲಿನತ್ತ ನೋಡಿ ಕೇಳಿದಳು: "ಮಗೂಗೆ ರಾಗಿ ಸರಿ ಯಾವ ನೀರಲ್ಲಿ ಕಾಯಿಸ್ತೀರಿ?" ಅದೂ ಬೋರ್ ನೀರೇ. ಆ ಮಗುವಿನ ಮುಂದಿನ ಹಲ್ಲುಗಳ ಹೊರಪದರ ಮೂಡುತ್ತಿರುವುದು ಈಗಲೇ. ಸರಿಗೆ ಬೇಕಾದದ್ದು ಒಂದು ಚೊಂಬು ನೀರು, ಈಗಿರುವ ಕ್ಯಾನಿನಲ್ಲೇ ಸಿಗುತ್ತದೆ. ಅವರು ಒಪ್ಪಿದರು. ಅಲ್ಲಿಂದ ನಾವು ನೇರ ಅಂಗನವಾಡಿಗೆ ಹೋದೆವು, ಅಲ್ಲಿ ಅನ್ನಕ್ಕೆ ಎಸರಿಡುವ ನೀರು ಯಾವುದೆಂದು ಕೇಳಲು.